ಎಳ್ಳಿನ ತಟ್ಟೆಯಲ್ಲಿ ಒಂದು ಹಿಡಿ ಬೀಜ

ಸಂಕ್ರಾಂತಿ ಮುಗಿಯಿತು. ಎಳ್ಳು-ಬೆಲ್ಲದ ಪೊಟ್ಟಣಗಳು ಡಬ್ಬದ ತಳದಲ್ಲಿ ಇನ್ನೂ ನಾಲ್ಕಾರು ಉಳಿದಿರಬಹುದು. ಸಕ್ಕರೆ ಅಚ್ಚಿಗೆ ಇರುವೆ ಮುತ್ತುವ ಮೊದಲು ಮಕ್ಕಳ ಕೈಗೆ ಕೊಟ್ಟುಬಿಡಿ. ಅವರೆಕಾಯಿಯ ಸೊಗಡು ಇಳಿಯುತ್ತಾ ಬಂತು. ಬಿಸಿಲು ನಿಧಾನವಾಗಿ ಬಲಿಯುತ್ತಿದೆ. ಕೈತೋಟದ ಮಾತು ಆಡುವುದಕ್ಕೆ ಇದು ಒಳ್ಳೆಯ ಸಮಯ ಸೋದರಿಯರೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಒಂದು ಪತ್ರ.

ಬೆಂಗಳೂರಿನ ಗೃಹಿಣಿಯೊಬ್ಬರು ಬರೆದಿದ್ದಾರೆ: "ನಮ್ಮದು 30-40ರ ಸೈಟು. ಮನೆ ಕಟ್ಟಿದ ಮೇಲೆ ಮಣ್ಣು ಅನ್ನೋದು ತುಳಸಿಕಟ್ಟೇಲಿ ಮಾತ್ರ ಉಳಿದಿದೆ. ತಾರಸಿ ಮೇಲೆ ತರಕಾರಿ ಬೆಳೆಯಬೇಕು ಅಂತ ನನಗೆ ಆಸೆ. ನಮ್ಮ ಯಜಮಾನರು, 'ತಿಂಗಳಿಗೆ ಎಷ್ಟು ಉಳಿಯುತ್ತೆ, ಲೆಕ್ಕ ಹಾಕಿ ತೋರಿಸು' ಅಂತಾರೆ. ಏನು ಹೇಳಲಿ?"

ಏನೂ ಉಳಿಯುವುದಿಲ್ಲ ಅಂತಲೇ ಹೇಳಿ! ಯಜಮಾನರಿಗೆ ಸುಳ್ಳು ಲೆಕ್ಕ ತೋರಿಸಬೇಡಿ. ಮೊದಲ ವರ್ಷ ಉಳಿಯುವುದಿರಲಿ, ಕೈಯಿಂದಲೇ ಹೋಗುತ್ತದೆ. ಕುಂಡ, ಕೆಮ್ಮಣ್ಣು, ಗೊಬ್ಬರ, ಅದನ್ನೆಲ್ಲ ಹೊತ್ತು ಮೇಲೆ ಹಾಕಿದವನ ಕೂಲಿ, ಇಷ್ಟನ್ನೂ ಕೂಡಿಸಿದರೆ ನಿಮ್ಮ ತೋಟದ ಮೊದಲ ಬದನೆಕಾಯಿ ಬೆಳ್ಳಿಯ ಬೆಲೆಗೆ ಬೀಳುತ್ತದೆ. ಎರಡನೆಯ ವರ್ಷದಿಂದ ಸೊಪ್ಪಿನ ಖರ್ಚಿನ ಮಟ್ಟಿಗೆ ಕೈ ಹಿಡಿದೀತು. ಅಕ್ಕಿ, ರಾಗಿ, ಬೇಳೆ, ಎಣ್ಣೆ ಇವು ತಾರಸಿಯ ಮೇಲೆ ಬೆಳೆಯುವುದಿಲ್ಲ. ಅಂಗಡಿಯಿಂದಲೋ ಪಡಿತರದಿಂದಲೋ ಬರಲೇಬೇಕು. ನಗರದಲ್ಲಿ ಕೂತು, 'ನಮ್ಮ ಊಟವನ್ನೆಲ್ಲ ನಾವೇ ಬೆಳೆದುಕೊಳ್ಳುತ್ತೇವೆ' ಎನ್ನುವವರ ಮಾತನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಜೊತೆಗೆ ಇನ್ನೊಂದು ಎಚ್ಚರಿಕೆ. ಒಂದು ಘನ ಅಡಿ ಒದ್ದೆ ಮಣ್ಣು ಹತ್ತಿರ ಹತ್ತಿರ 45 ಕಿಲೋ ತೂಗುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಮೂರನ್ನೂ ಸಮ ಬೆರೆಸಿದರೆ ಭಾರ ಇಳಿಯುತ್ತದೆ. ಆದರೂ ಹಳೆಯ ಮನೆಯಾದರೆ ಎಂಜಿನಿಯರನ್ನು ಒಂದು ಮಾತು ಕೇಳಿ, ಗೋಡೆಯ ಮೇಲೆ, ತೊಲೆಯ ಮೇಲೆ ಬರುವಂತೆ ಅಂಚಿನಲ್ಲೇ ಕುಂಡ ಜೋಡಿಸಿ. ನೀರು ಸೋರಿ ಕೆಳಗಿನ ಮನೆಯವರ ಜೊತೆ ಜಗಳವಾದರೆ ಯಾವ ಬದನೆಕಾಯಿಯೂ ರುಚಿಸುವುದಿಲ್ಲ.

ಹಾಗಾದರೆ ಈ ರಗಳೆ ಯಾಕೆ ಎಂದೀರಿ. 2020ರ ಮಾರ್ಚ್ ಕೊನೆಯ ವಾರವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ.

ಆ ತಿಂಗಳ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬೆಂಗಳೂರಿನಲ್ಲಿ ಕೆ.ಆರ್. ಮಾರುಕಟ್ಟೆ ಮುಚ್ಚಿತು. ಎಲೆಕೋಸು ಕೊಳ್ಳುವವರಿಲ್ಲದೆ ರೈತರು ಹೊಲದಲ್ಲೇ ಉತ್ತು ಮುಚ್ಚಿದರು, ದ್ರಾಕ್ಷಿ ಬಳ್ಳಿಯಲ್ಲೇ ಒಣಗಿತು. ಇತ್ತ ನಾವು ಮುಖಕ್ಕೆ ಸೆರಗು ಕಟ್ಟಿಕೊಂಡು, ಒಂದು ಕಂತೆ ಕೊತ್ತಂಬರಿ ಸಿಕ್ಕೀತೇ ಎಂದು ಬೀದಿಯ ಕೊನೆಯಲ್ಲಿ ಕಾಯುತ್ತಿದ್ದೆವು. ಬೆಳೆದವನ ಕೈಯಲ್ಲಿ ಕೊಳೆಯುತ್ತಿದೆ, ತಿನ್ನುವವಳ ಪಾತ್ರೆ ಖಾಲಿ. ನಡುವೆ ಇದ್ದದ್ದು ಅರವತ್ತು ಎಪ್ಪತ್ತು ಕಿಲೋಮೀಟರು ರಸ್ತೆ ಅಷ್ಟೇ. ಹಾಪ್‌ಕಾಮ್ಸ್ ಮಳಿಗೆಗಳು ಬಾಗಿಲು ತೆರೆದಿದ್ದರಿಂದ ಎಷ್ಟೋ ಮನೆಗಳ ಒಲೆ ಹತ್ತಿತು. 1959ರಲ್ಲಿ ದ್ರಾಕ್ಷಿ ಬೆಳೆಗಾರರು ತಮ್ಮ ಹಣ್ಣಿಗೆ ತಾವೇ ದಾರಿ ಹುಡುಕಿಕೊಳ್ಳಲು ಕಟ್ಟಿಕೊಂಡ ಸಹಕಾರ ಸಂಘ ಅದು. ಬೆಳೆಯುವವರು ಕೂಡಿ ಕಟ್ಟಿದ ಒಂದು ಮಳಿಗೆಯ ಬೆಲೆ ಏನು ಅಂತ ಆ ದಿನಗಳಲ್ಲಿ ನನಗೆ ತಿಳಿಯಿತು. ಅದಕ್ಕೆ ಮೊದಲು, ನಿಜ ಹೇಳಬೇಕೆಂದರೆ, ಅಲ್ಲಿ ಸೊಪ್ಪು ಬಾಡಿರುತ್ತೆ ಅಂತ ಮೂಗು ಮುರಿಯುತ್ತಿದ್ದವಳು ನಾನು.

ನನ್ನ ತಾರಸಿಯಲ್ಲಿ ಆಗಲೇ ಇಪ್ಪತ್ತು ಕುಂಡಗಳಿದ್ದವು. ಜಂಬವೂ ಇತ್ತು. ಆದರೆ ಅಷ್ಟರಲ್ಲೂ ಬಿತ್ತುವುದಕ್ಕೆ ಬೀಜವಿರಲಿಲ್ಲ! ಪ್ರತಿ ಸಲವೂ ಬಣ್ಣಬಣ್ಣದ ಪೊಟ್ಟಣ ತಂದು ಬಿತ್ತುವುದು, ಮುಗಿದರೆ ಮತ್ತೆ ತರುವುದು, ಇದೇ ಅಭ್ಯಾಸ. ನಮ್ಮ ಕಡೆಯ ಬೀಜದ ಅಂಗಡಿಯ ಬಾಗಿಲು ಆ ತಿಂಗಳೆಲ್ಲ ತೆರೆಯಲಿಲ್ಲ. ಹಿಂದಿನ ವರ್ಷದ ಟೊಮೇಟೊ ಹಣ್ಣಿನಿಂದ ಎತ್ತಿಟ್ಟ ಬೀಜ ಒಂದಿಷ್ಟಿತ್ತು, ಅದನ್ನೇ ಹಾಕಿದೆ. ಗಿಡಗಳೇನೋ ಬಂದವು. ಒಂದರಲ್ಲಿ ಗೋಲಿಯಷ್ಟು ಕಾಯಿ, ಒಂದರಲ್ಲಿ ಬರೀ ಎಲೆ, ಇನ್ನೊಂದು ಹೂ ಬಿಟ್ಟು ಉದುರಿಸಿಬಿಟ್ಟಿತು. ಕಸದ ಬುಟ್ಟಿಯಿಂದ ಹಳೆಯ ಪೊಟ್ಟಣ ತೆಗೆದು ನೋಡಿದರೆ 'ಎಫ್-1 ಹೈಬ್ರಿಡ್' ಅಂತ ಬರೆದಿದೆ. ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಬೀಜ ಅದು. ಮೊದಲ ಬೆಳೆ ಬಲು ಚೆನ್ನ. ಅದರ ಬೀಜವನ್ನು ಮತ್ತೆ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಅಜ್ಜನನ್ನು ಹೋಲುತ್ತದೆ. ಹೈಬ್ರಿಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದನ್ನು ಬಿತ್ತುವವಳು ಪ್ರತಿ ವರ್ಷ ಅಂಗಡಿಯ ಮುಂದೆ ನಿಲ್ಲಲೇಬೇಕು, ಅಷ್ಟೇ.

ಆಗ ನೆರವಾದವರು ಬೀದಿಯ ಮೂರನೆಯ ಮನೆಯ ಹಿರಿಯಾಕೆ. ಅಂಗಳದಲ್ಲಿ ಸಾಲಾಗಿ ಹಳೆಯ ಪೇಂಟ್ ಡಬ್ಬಗಳು, ಒಂದರಲ್ಲೂ ಹೂವಿನ ಗಿಡವಿಲ್ಲ, ಎಲ್ಲ ಸೊಪ್ಪು, ಅಲಸಂದೆ. ನಾನು ಗೇಟಿನಾಚೆ ನಿಂತು ನನ್ನ ಕಷ್ಟ ಹೇಳಿಕೊಂಡೆ. ಒಳಗೆ ಹೋಗಿ ನಾಲ್ಕು ಹಾರ್ಲಿಕ್ಸ್ ಬಾಟಲು ತಂದರು. ದಂಟಿನ ಬೀಜ, ಬೆಂಡೆ, ಅಲಸಂದೆ, ಬೂದಿಯಲ್ಲಿ ಹೊರಳಿಸಿದ ಅವರೆ. "ಇದು ನಮ್ಮತ್ತೆ ಕೊಟ್ಟಿದ್ದು. ಅವರಿಗೆ ಅವರ ಅಮ್ಮನ ಮನೆಯಿಂದ ಬಂದಿದ್ದಂತೆ. ದಂಟು ಇವತ್ತೇ ಹಾಕಮ್ಮ, ತಿಂಗಳೊಪ್ಪತ್ತಿಗೆ ಸಾರಿಗಾಗುತ್ತೆ. ಅವರೆಗೆ ಈಗ ಕಾಲ ಅಲ್ಲ, ಆಷಾಢ ಬರಲಿ," ಅಂದರು. ಒಂದು ಹಿಡಿ ಕಾಗದದಲ್ಲಿ ಕಟ್ಟಿ ಗೇಟಿನ ಮೇಲಿಟ್ಟರು. ಏಪ್ರಿಲ್ ಕೊನೆಗೆ ನಮ್ಮ ಬೀದಿಯ ಆರು ಮನೆಗಳಲ್ಲಿ ಅದೇ ದಂಟಿನ ಸಾರು.

ಆಮೇಲೆ ನನ್ನನ್ನು ಚುಚ್ಚಿದ ಮಾತು ಒಂದಿದೆ, ಹೇಳಿಬಿಡುತ್ತೇನೆ. ಆಕೆ ಯಜಮಾನರನ್ನು ಕಳೆದುಕೊಂಡು ಹದಿನೈದು ವರ್ಷವಾಗಿತ್ತು. ಸಂಕ್ರಾಂತಿಗೆ ಎಳ್ಳು ಬೀರಲು ತಟ್ಟೆ ಹಿಡಿದು ಹೊರಟ ನಾವೆಲ್ಲ ಎರಡನೆಯ ಮನೆಯಾದ ಮೇಲೆ ನಾಲ್ಕನೆಯ ಮನೆಗೆ ಹೋಗುತ್ತಿದ್ದೆವು. ಯಾರೂ ಹಾಗೆ ಮಾಡಿ ಎಂದು ಹೇಳಿದವರಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ಗೌರಿಹಬ್ಬದ ಮೊರದ ಬಾಗಿನವಂತೂ ಮುತ್ತೈದೆಯರಿಗೇ ಮೀಸಲು. ಬೀದಿಗೆಲ್ಲ ಬೀಜ ಹಂಚಿದ ಕೈಗೆ ಒಂದು ಚಮಚ ಎಳ್ಳು ಕೊಡಲು ನಮಗೆ ತೋಚಿರಲಿಲ್ಲ. ಮರುವರ್ಷ ಸಂಕ್ರಾಂತಿಗೆ ತಟ್ಟೆ ಹಿಡಿದು ಮೊದಲು ಹೋಗಿದ್ದು ಆ ಮನೆಗೆ. "ನನಗ್ಯಾಕಮ್ಮ ಇದೆಲ್ಲ" ಅಂತ ಸಂಕೋಚಪಟ್ಟುಕೊಂಡರು, ಆಮೇಲೆ ಒಳಗೆ ಹೋಗಿ, ಖಾಲಿ ತಟ್ಟೆ ಹಿಂದಿರುಗಿಸಬಾರದು ಅಂತ, ಒಂದು ಹಿಡಿ ಅವರೆ ಬೀಜ ತಂದು ತಟ್ಟೆಗೆ ಹಾಕಿದರು. ಅಂದಿನಿಂದ ನಮ್ಮ ಬೀದಿಯಲ್ಲಿ ಎಳ್ಳಿನ ಪೊಟ್ಟಣದ ಜೊತೆ ಒಂದು ಬೀಜದ ಪೊಟ್ಟಣವೂ ಹೋಗುತ್ತದೆ. ನಾಲ್ಕು ಮನೆಯವರು 'ಇದೇನು ಹೊಸ ಶಾಸ್ತ್ರ' ಅಂತ ನಕ್ಕರು, ನಗಲಿ.

ಪೇಟೆಯಲ್ಲಿ ತರಕಾರಿ ಬೆಳೆಯುವುದು ಈಗಿನವರ ಹೊಸ ಹವ್ಯಾಸ ಎಂದು ಅನೇಕರು ತಿಳಿದಿದ್ದಾರೆ. ಬೆಂಗಳೂರಿನ ಮಟ್ಟಿಗೆ ಇದು ತಪ್ಪು. ಕರಗ ಹೊರುವ ತಿಗಳರ ಹೆಸರು ಕೇಳಿದ್ದೀರಲ್ಲ, ಆ ಜನ ತಲೆತಲಾಂತರದಿಂದ ಈ ಊರಿನ ತೋಟಗಾರರು. ಸಂಪಂಗಿ ಕೆರೆಯ ಸುತ್ತ ಅವರ ಸೊಪ್ಪು, ತರಕಾರಿ, ಹೂವಿನ ತೋಟಗಳಿದ್ದವು. ಪೇಟೆಗೆ ಅಲ್ಲಿಂದಲೇ ಹೊರೆ ಬರುತ್ತಿತ್ತು. ಕೆರೆ ಒಣಗಿ ಈಗ ಅಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ಕರಗದ ಪೂಜೆಗೆಂದು ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ. ಬಸ್ಸಿಗೆ ಕಾಯುತ್ತಾ ನಿಂತಾಗ ಒಮ್ಮೆ ಯೋಚಿಸಿ ನೋಡಿ, ಕಾಲ ಕೆಳಗೆ ಒಂದು ಕಾಲದಲ್ಲಿ ನೀರಿತ್ತು. ಕೆರೆ ಹೋಯಿತು, ತೋಟ ಹೋಯಿತು, ತರಕಾರಿ ದೂರದಿಂದ ಲಾರಿ ಹತ್ತಿ ಬರತೊಡಗಿತು. ನಾವು ಲಾರಿಗೆ ಎಷ್ಟು ಒಗ್ಗಿಕೊಂಡೆವೆಂದರೆ ಅದು ಒಂದು ವಾರ ನಿಂತಾಗ ಮಾತ್ರ ಅದರ ಸದ್ದು ನಮಗೆ ಕೇಳಿಸಿತು.

1990ರ ದಶಕದಿಂದ ಇಲ್ಲಿ ತಾರಸಿ ತೋಟದ ಮಾತನ್ನು ಮನೆಮನೆಗೆ ತಲುಪಿಸಿದವರು ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್. ಅವರ ಬಳಗದವರು 2011ರಲ್ಲಿ ಶುರು ಮಾಡಿದ 'ಊಟ ಫ್ರಂ ಯುವರ್ ತೋಟ' ಎಂಬ ಮೇಳ ಈ ಊರಿನ ಎಷ್ಟೋ ಗೃಹಿಣಿಯರಿಗೆ ಮೊದಲ ಪಾಠಶಾಲೆ. ಹೆಸರು ಅರ್ಧ ಇಂಗ್ಲಿಷು, ಆದರೆ ಊಟ, ತೋಟ ಎರಡೂ ನಮ್ಮವೇ.

ಕಷ್ಟ ಬಂದಾಗ ಊರಿಗೆ ಊರೇ ಮಣ್ಣಿಗೆ ಇಳಿದ ಉದಾಹರಣೆ ಬೇಕಿದ್ದರೆ ಕ್ಯೂಬಾ ದೇಶದ ರಾಜಧಾನಿ ಹವಾನಾ ಇದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಆ ಪುಟ್ಟ ದ್ವೀಪಕ್ಕೆ ಬರುತ್ತಿದ್ದ ಎಣ್ಣೆ, ಗೊಬ್ಬರ, ಟ್ರ್ಯಾಕ್ಟರಿನ ಬಿಡಿಭಾಗ ಎಲ್ಲ ನಿಂತುಹೋಯಿತು. ಹಳ್ಳಿಯಲ್ಲಿ ಬೆಳೆದದ್ದನ್ನು ಪಟ್ಟಣಕ್ಕೆ ತರಲು ಡೀಸೆಲ್ ಇಲ್ಲ. ಜನ ಸೊರಗಿದರು. ಆಗ ಖಾಲಿ ನಿವೇಶನ, ಕೆಡವಿದ ಕಟ್ಟಡದ ಜಾಗ ಎಲ್ಲ ಕಡೆ ಇಟ್ಟಿಗೆ ಹಲಗೆಗಳಿಂದ ಮಡಿ ಕಟ್ಟಿ, ಎರೆಗೊಬ್ಬರ ತುಂಬಿ ಸೊಪ್ಪು ತರಕಾರಿ ಹಾಕಿದರು. ಆ ಮಡಿಗಳಿಗೆ ಅಲ್ಲಿ 'ಆರ್ಗನೊಪೊನಿಕೊ' ಎನ್ನುತ್ತಾರೆ. ಬೆಳಗ್ಗೆ ಕಿತ್ತದ್ದನ್ನು ತೋಟದ ಬಾಗಿಲಲ್ಲೇ ಮಾರುತ್ತಾರೆ. ಲಾರಿಯೂ ಬೇಡ, ಶೀತಲಗೃಹವೂ ಬೇಡ. ಅಲಾಮಾರ್ ಎಂಬ ಬಡಾವಣೆಯಲ್ಲಿ ವಠಾರದ ಕಟ್ಟಡಗಳ ನಡುವೆ 1997ರಲ್ಲಿ ಶುರುವಾದ ಸಹಕಾರಿ ತೋಟ ಬಹಳ ಹೆಸರಾಯಿತು. ಹಾಗಂತ ಕ್ಯೂಬಾ ಆಹಾರದಲ್ಲಿ ಸ್ವಾವಲಂಬಿ ಆಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಕ್ಕಿ, ಗೋಧಿ ಆಮೇಲೂ ಹೊರಗಿನಿಂದಲೇ ಬಂದವು. ಪಟ್ಟಣದ ತೋಟ ಹಸಿರನ್ನು ಕೊಟ್ಟೀತು, ಮುದ್ದೆಯನ್ನಲ್ಲ. ಹಸಿರು ಸಿಕ್ಕರೂ ಅದು ಕಡಿಮೆಯೇನಲ್ಲ. ಬರೀ ಅನ್ನ ಉಂಡ ಮಗುವಿಗೂ ಅನ್ನದ ಜೊತೆ ಹಿಡಿ ಸೊಪ್ಪು ಉಂಡ ಮಗುವಿಗೂ ಇರುವ ವ್ಯತ್ಯಾಸ ತಾಯಂದಿರಿಗೆ ನಾನು ಹೇಳಬೇಕೆ?

'ಆಹಾರ ಸಾರ್ವಭೌಮತ್ವ' ಎಂಬ ಭಾರದ ಮಾತೊಂದಿದೆ. ಲಾ ವಿಯಾ ಕಂಪೆಸಿನಾ ಎಂಬ ಜಗತ್ತಿನ ರೈತರ ಒಕ್ಕೂಟ 1996ರಲ್ಲಿ ಇದನ್ನು ಮುಂದಿಟ್ಟಿತು; ಪ್ರೊ. ನಂಜುಂಡಸ್ವಾಮಿಯವರ ನಮ್ಮ ರಾಜ್ಯ ರೈತ ಸಂಘವೂ ಆ ಒಕ್ಕೂಟದಲ್ಲಿತ್ತು. ಹೊಟ್ಟೆಗೆ ಏನೋ ಒಂದು ಸಿಕ್ಕರೆ ಸಾಲದು, ಏನು ಬಿತ್ತಬೇಕು, ಏನು ಉಣ್ಣಬೇಕು ಎನ್ನುವ ಯಜಮಾನಿಕೆಯೂ ಬೆಳೆಯುವವರ, ಉಣ್ಣುವವರ ಕೈಯಲ್ಲೇ ಇರಬೇಕು ಎನ್ನುವುದು ಅದರ ತಿರುಳು. ಅದಕ್ಕೂ ಮೊದಲೇ, 1992ರ ಡಿಸೆಂಬರಿನಲ್ಲಿ, ಬೀಜದ ಹಕ್ಕಿಗಾಗಿ ರೈತರು ಬೆಂಗಳೂರಿನ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ನುಗ್ಗಿದ್ದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬದಲು ಮಾಡಿಕೊಳ್ಳಬಹುದು, ಮಾರಲೂಬಹುದು ಎಂದು ಬರೆದಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಕಾಯ್ದೆಯಲ್ಲಿ ಬರೆದದ್ದನ್ನೇ ಆ ಹಿರಿಯಾಕೆ ಹಾರ್ಲಿಕ್ಸ್ ಬಾಟಲಿನಲ್ಲಿ ಮಾಡುತ್ತಿದ್ದರು.

ಈಗ ಕೆಲಸದ ವಿಚಾರಕ್ಕೆ ಬರೋಣ. ಬೀಜ ಎತ್ತಿಡುವುದರಲ್ಲಿ ನಾವು ಹೆಂಗಸರು ಮಾಡುವ ದೊಡ್ಡ ತಪ್ಪು ಯಾವುದು ಗೊತ್ತೇ? ಎಳೆಯದನ್ನೂ ಚೆನ್ನಾದದ್ದನ್ನೂ ಕಿತ್ತು ಅಡಿಗೆ ಮಾಡಿ, ಕೊನೆಗೆ ಉಳಿದ ಸೊಟ್ಟ ಕಾಯಿಯನ್ನು 'ಇದು ಬೀಜಕ್ಕಿರಲಿ' ಎಂದು ಬಿಡುವುದು. ಮುಂದಿನ ಬೆಳೆಯೆಲ್ಲ ಸೊಟ್ಟ. ಚೆನ್ನಾಗಿ ಬೆಳೆದ, ರೋಗವಿಲ್ಲದ ಮೂರು ನಾಲ್ಕು ಗಿಡಗಳಿಗೆ ಮೊದಲೇ ಒಂದು ಕೆಂಪು ದಾರ ಕಟ್ಟಿಬಿಡಿ. ದಾರ ಕಟ್ಟಿದ ಗಿಡದ ಕಾಯಿ ಯಾರೂ ಮುಟ್ಟಕೂಡದು, ಅಳಿಯ ಬಂದರೂ ಸರಿಯೇ.

ಅವರೆ, ಅಲಸಂದೆ, ಹುರಳಿಕಾಯಿ, ಟೊಮೇಟೊ, ಮೆಂತ್ಯ ಇವು ಹೆಚ್ಚಾಗಿ ತಮ್ಮ ಹೂವಿನಲ್ಲೇ ತಾವು ಕಾಯಿ ಕಟ್ಟುವಂಥವು. ನಾಟಿ ಬೀಜವಾದರೆ ತಾಯಿಯಂತೆ ಮಗಳು; ಹೊಸಬರು ಇವುಗಳಿಂದಲೇ ಶುರು ಮಾಡಿ. ಅವರೆಗೆ ಈಗಲೇ ಸಮಯ. ಅದಕ್ಕೇ ಸಂಕ್ರಾಂತಿ ಮುಗಿದ ಮೇಲೆ ಈ ಮಾತು ಎತ್ತಿದ್ದು. ಕಾಯಿ ಗಿಡದಲ್ಲೇ ಒಣಗಿ ಗಲಗಲ ಅನ್ನಬೇಕು. ಬಿಡಿಸಿ ಎರಡು ಮೂರು ದಿನ ಬೆಳಗಿನ ಬಿಸಿಲಿಗೆ ಹಾಕಿ. ಒಂದು ಕಾಳು ಹಲ್ಲಿಗೆ ಕೊಟ್ಟು ನೋಡಿ. ಹಲ್ಲಿನ ಗುರುತು ಬಿದ್ದರೆ ಇನ್ನೂ ಒಣಗಬೇಕು, ಟಪ್ ಎಂದು ಒಡೆದರೆ ಆಯಿತು. ಆಮೇಲೆ ಸೌದೆಯ ಬೂದಿಯಲ್ಲಿ ಹೊರಳಿಸಿ, ಒಣಗಿದ ಬೇವಿನೆಲೆ ನಾಲ್ಕು ಹಾಕಿ ಬಾಟಲಿಗೆ ತುಂಬಿ. ನಮ್ಮ ಅಜ್ಜಿಯರ ಕಾಲದಲ್ಲಿ ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಿದ್ದರು. ಮಣ್ಣು ಸಿಗುವವರು ಅದನ್ನೂ ಮಾಡಬಹುದು. ಬಾಟಲಿನ ಮೇಲೆ ಹೆಸರು, ತಿಂಗಳು, ವರ್ಷ ಬರೆಯಿರಿ. ನೆನಪಿರುತ್ತೆ ಅಂದುಕೊಳ್ಳಬೇಡಿ, ಇರುವುದಿಲ್ಲ.

ಟೊಮೇಟೊ ಬೀಜಕ್ಕೆ ಒಂದು ಲೋಳೆಯ ಹೊದಿಕೆ ಇರುತ್ತದೆ. ಚೆನ್ನಾಗಿ ಹಣ್ಣಾದ ನಾಟಿ ಹಣ್ಣಿನ ತಿರುಳನ್ನು ಗಾಜಿನ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಹಾಕಿ ಎರಡು ದಿನ ಮೂಲೆಯಲ್ಲಿಡಿ. ಹುಳಿ ವಾಸನೆ ಬಂದು ಮೇಲೆ ಪೊರೆ ಕಟ್ಟುತ್ತದೆ, ಹೆದರಬೇಡಿ. ತೊಳೆದರೆ ಒಳ್ಳೆಯ ಬೀಜ ತಳದಲ್ಲಿ ನಿಲ್ಲುತ್ತದೆ, ಜೊಳ್ಳು ತೇಲಿ ಹೋಗುತ್ತದೆ. ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡುತ್ತದೆ.

ದಂಟು, ಬೆಂಡೆ, ಮೂಲಂಗಿ, ಬಳ್ಳಿಯ ಕಾಯಿಗಳ ಕಥೆಯೇ ಬೇರೆ. ಗಾಳಿಯೋ ಜೇನುನೊಣವೋ ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಕೆಂಪು ದಂಟು, ಹಸಿರು ದಂಟು ಅಕ್ಕಪಕ್ಕ ಬಿಟ್ಟರೆ ಮುಂದಿನ ಸಲ ಬಣ್ಣ ಬೆರೆತೀತು, ಅದರಿಂದ ನಷ್ಟವೇನಿಲ್ಲ. ಆದರೆ ಸೋರೆ, ಸೌತೆ, ಕುಂಬಳ ಇವುಗಳಲ್ಲಿ ಹುಷಾರಾಗಿರಬೇಕು. ಕಹಿ ಜಾತಿಯ ಜೊತೆ ಬೆರೆತ ಬೀಜದಿಂದ ಬಂದ ಕಾಯಿ ಕಹಿಯಾಗುತ್ತದೆ, ಆ ಕಹಿ ನಿಜವಾದ ವಿಷ. ಕಹಿ ಸೋರೆಕಾಯಿ ರಸ ಕುಡಿದು ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿದ್ದಾರೆ. ಮನೆಯದೇ ಇರಲಿ, ಮಾರ್ಕೆಟ್ಟಿನದೇ ಇರಲಿ, ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಎಂದರೆ ಪೂರ್ತಿ ಕಾಯಿ ಕಸಕ್ಕೆ. ಬೇಯಿಸಿದರೆ, ಬೆಲ್ಲ ಹಾಕಿದರೆ ವಿಷ ಹೋಗುವುದಿಲ್ಲ. ಹಾಗಲಕಾಯಿಯ ಕಹಿ ಬೇರೆ, ಅದು ಅದರ ಹುಟ್ಟುಗುಣ, ಅದಕ್ಕೆ ಭಯ ಬೇಡ.

ಈರುಳ್ಳಿ ಬೀಜಕ್ಕೆ ಒಂದೇ ವರ್ಷ ಆಯುಸ್ಸು. ಕಾಳುಗಳು ಎರಡು ಮೂರು ವರ್ಷ ಬಂದಾವು. ಅನುಮಾನವಿದ್ದರೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಏಳು ಮೊಳೆತರೆ ಧೈರ್ಯವಾಗಿ ಬಿತ್ತಿ, ಐದು ಮೊಳೆತರೆ ಒತ್ತಾಗಿ ಬಿತ್ತಿ. ಮದುವೆಯಲ್ಲಿ ಅಂಕುರಾರ್ಪಣೆ ಎಂದು ನವಧಾನ್ಯ ಮೊಳೆಸುತ್ತೇವಲ್ಲ, ಈ ಪರೀಕ್ಷೆ ನಮಗೆ ಹೊಸದೇನಲ್ಲ. ಕಂಪನಿಯ ಪೊಟ್ಟಣದಲ್ಲಿ ಗುಲಾಬಿ, ನೀಲಿ ಬಣ್ಣ ಬಳಿದ ಬೀಜವಿದ್ದರೆ ಅದು ಔಷಧ ಬೆರೆಸಿದ್ದು. ಮಕ್ಕಳ ಕೈಗೆ ಸಿಗದಂತೆ ಇಡಿ, ಉಳಿದದ್ದನ್ನು ಅಡಿಗೆಗೆ ಬಳಸಬೇಡಿ.

ಬಾಡಿಗೆ ಮನೆಯವರು ನಿರಾಶರಾಗಬೇಡಿ. ಮನೆಯ ಒಡೆಯರು ತಾರಸಿಯ ಬೀಗ ಕೊಡುವುದಿಲ್ಲ ಎಂದು ಮೂರು ಜನ ಬರೆದಿದ್ದಾರೆ. ನಿಮಗೆ ಬೀಜವೂ ಬೇಕಿಲ್ಲ, ಒಂದು ಒಡೆದ ಬಕೆಟ್ ಸಾಕು. ಬಸಳೆ, ಹೊನಗೊನ್ನೆ, ಚಕ್ರಮುನಿ, ದೊಡ್ಡಪತ್ರೆ, ಪುದೀನ ಎಲ್ಲ ಕಡ್ಡಿಯಿಂದಲೇ ಬರುತ್ತವೆ. ಇರುವವರ ಮನೆಯಲ್ಲಿ ಒಂದು ಗೇಣು ಕಡ್ಡಿ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಮೆಂತ್ಯ, ಸಾಸಿವೆ, ದನಿಯ ಅಡಿಗೆಮನೆಯ ಡಬ್ಬದಲ್ಲೇ ಇದೆಯಲ್ಲ. ದನಿಯವನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಹತ್ತು ದಿನ ತಾಳ್ಮೆ ಇರಲಿ. ಬೀದಿಯ ಹತ್ತು ಮನೆಯವರೂ ಹತ್ತು ತರಕಾರಿ ಬೆಳೆಯಬೇಕಿಲ್ಲ. ಒಬ್ಬರು ಬಸಳೆ, ಒಬ್ಬರು ನುಗ್ಗೆ, ಒಬ್ಬರು ಅಲಸಂದೆ ಎಂದು ಹಂಚಿಕೊಂಡರೆ ಬೀಜವೂ ಬೆರೆಯುವುದಿಲ್ಲ, ಮಾತೂ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ. ಹೋದ ಮಳೆಗಾಲದಲ್ಲಿ ನಾನು ಕುಂಡದ ಕಳೆ ಕೀಳುತ್ತಾ ಕೂತಿದ್ದೆ. ಮನೆಗೆಲಸಕ್ಕೆ ಬರುವಾಕೆ ಕಸಬರಿಗೆ ಕೈಯಲ್ಲಿ ಹಿಡಿದೇ ನಿಂತಳು. "ಅಯ್ಯೋ ಅಕ್ಕಾ, ಅದನ್ಯಾಕೆ ಕಿತ್ತು ಬಿಸಾಕ್ತೀರಾ? ಗೋಣಿ ಸೊಪ್ಪು ಅಲ್ವಾ ಅದು! ಇದು ಅಣ್ಣೆ ಸೊಪ್ಪು. ನಮ್ಮೂರ ಕಡೆ ಇದನ್ನೆಲ್ಲ ಸೇರಿಸೇ ಮಸ್ಸೊಪ್ಪು ಮಾಡೋದು." ನಾನು ಎಸೆದ ರಾಶಿಯಿಂದ ಐದು ಬಗೆ ಸೊಪ್ಪು ಆರಿಸಿ ತೋರಿಸಿದಳು: ಗೋಣಿ, ಅಣ್ಣೆ, ಕೀರೆ, ಗಣಿಕೆ, ಹೊನಗೊನ್ನೆ. ಕಾಸು ಕೊಟ್ಟು ಪಾಲಕ್ ಬೀಜ ತಂದು, ಅದು ಹುಟ್ಟಲಿಲ್ಲ ಅಂತ ಕೊರಗುತ್ತಿದ್ದ ನಾನು, ತಾನಾಗಿ ಹುಟ್ಟಿದ ಊಟವನ್ನು ಕಸ ಮಾಡುತ್ತಿದ್ದೆ. ಲಾಕ್‌ಡೌನಿನ ಎರಡು ತಿಂಗಳು ಅವಳ ಮನೆಯಲ್ಲಿ ಏನು ಮಾಡಿಕೊಂಡಿರಿ ಎಂದು ಆಗ ಕೇಳಿದೆ. "ಅಕ್ಕಿ ರೇಷನ್ನಲ್ಲಿ ಬಂತು. ಸೊಪ್ಪು ಖಾಲಿ ಸೈಟಲ್ಲಿ ಕಿತ್ಕೊಂಡ್ವಿ" ಅಂದಳು. ಆ ಸೈಟಿನಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ ಏಳುತ್ತಿದೆ. ಈ ಸಲದ ಸಂಕ್ರಾಂತಿಗೆ ಅವಳಿಗೂ ಒಂದು ಬೀಜದ ಪೊಟ್ಟಣ ಕೊಟ್ಟೆ. ತೆಗೆದುಕೊಂಡು, "ಹಾಕೋಕೆ ಜಾಗ ಎಲ್ಲಿದೆ ಅಕ್ಕಾ?" ಅಂತ ಕೇಳಿದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಸದ್ಯಕ್ಕೆ ನನ್ನ ತಾರಸಿಯಲ್ಲಿ ನಾಲ್ಕು ಕುಂಡ ಅವಳವು. ಬಿತ್ತುವುದು, ಕೀಳುವುದು ಎಲ್ಲ ಅವಳಿಷ್ಟ. ನಾನು ನೀರು ಮಾತ್ರ ಹಾಕುತ್ತೇನೆ.

ಕಾಡುಸೊಪ್ಪು ಆರಿಸುವುದಕ್ಕೆ ಹೊರಟವರು ಗುರುತು ಬಲ್ಲವರ ಜೊತೆ ಹೋಗಿ. ಚರಂಡಿಯ ಬದಿ, ಕಾರ್ಖಾನೆಯ ನೀರು ಹರಿಯುವ ಕಡೆ ಬೇಡವೇ ಬೇಡ. ವೃಷಭಾವತಿಯ ನೀರಿನ ಸ್ಥಿತಿ ನಿಮಗೆಲ್ಲ ಗೊತ್ತಿರುವುದೇ. ಅಂಥ ಕಡೆ ಬೆಳೆದ ಸೊಪ್ಪು ನೋಡಲು ಕಡುಹಸಿರಾಗಿ ಸೊಂಪಾಗಿರುತ್ತದೆ, ಒಳಗೆ ಸೀಸದಂಥ ಲೋಹಗಳನ್ನೂ ಹೀರಿಕೊಂಡಿರುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ಪತ್ರ ಬರೆದ ಸೋದರಿಗೆ: ಯಜಮಾನರಿಗೆ ಲೆಕ್ಕ ತೋರಿಸುವ ಗೋಜು ಬೇಡ. ಈ ಮಸ್ಸೊಪ್ಪು ಮಾಡಿ ಬಡಿಸಿ, ಆಮೇಲೆ ಕೇಳಿ.

ಒಂದು ಲೋಟ ತೊಗರಿಬೇಳೆಯನ್ನು ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ ಹಾಕಿ ಮುಕ್ಕಾಲು ಬೇಯಿಸಿ. ನಾಲ್ಕೈದು ಹಿಡಿ ಬೆರಕೆ ಸೊಪ್ಪು ಮೂರು ನೀರಿನಲ್ಲಿ ತೊಳೆದು ದಪ್ಪಗೆ ಹೆಚ್ಚಿ ಬೇಳೆಗೆ ಹಾಕಿ. ಜೊತೆಗೆ ಆರೇಳು ಹಸಿಮೆಣಸಿನಕಾಯಿ, ಒಂದು ಈರುಳ್ಳಿ, ಎರಡು ಟೊಮೇಟೊ, ಏಳೆಂಟು ಎಸಳು ಬೆಳ್ಳುಳ್ಳಿ. ಸೊಪ್ಪು ಮೆತ್ತಗಾದ ಮೇಲೆ ಕಟ್ಟನ್ನು ಬಸಿದು ಬೇರೆ ಇಟ್ಟುಕೊಳ್ಳಿ. ಉಳಿದದ್ದಕ್ಕೆ ಉಪ್ಪು ಹಾಕಿ ಕಡೆಗೋಲಿನಿಂದ ಚೆನ್ನಾಗಿ ಮಸೆಯಿರಿ. ಮಿಕ್ಸಿಗೆ ಹಾಕಬೇಡಿ, ಅಂಟಾಗುತ್ತದೆ. ಬಸಿದ ಕಟ್ಟು, ಗೋಲಿಯಷ್ಟು ಹುಣಸೆಹಣ್ಣಿನ ರಸ ಸೇರಿಸಿ ಎರಡು ಕುದಿ ಬರಿಸಿ. ಗೋಣಿ ಸೊಪ್ಪು ಹೆಚ್ಚಾಗಿದ್ದರೆ ಅದೇ ಹುಳಿ ಇರುತ್ತದೆ, ಹುಣಸೆ ಬಿಟ್ಟುಬಿಡಿ. ಒಗ್ಗರಣೆಗೆ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು. ಬಿಸಿ ರಾಗಿಮುದ್ದೆಯ ಜೊತೆ ಬಡಿಸಿ, ಮೇಲೆ ಒಂದು ಚಮಚ ತುಪ್ಪ.